ಪರದೆಯ ಮೇಲಿನ ಮುಖ, ಪರದೆಯ ಹಿಂದಿನ ಮನೆ

(ಪೋಷಕರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಆನ್‌ಲೈನ್ ಮನೋಚಿಕಿತ್ಸೆಯ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನಾವು ಮೊದಲು ಹಿಂಜರಿದೆವು. ನಾವು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಮದ್ರಸದಲ್ಲಿ ಕಲಿತು, ಬಳಿಕ ಕಲಾ ವಿಭಾಗದಲ್ಲಿ ಪದವಿ ಪಡೆದು, ಪತ್ರಿಕಾ ವೃತ್ತಿಯಲ್ಲಿ ತೊಡಗಿಸಿಕೊಂಡವರು. ಆದರೂ ಒಪ್ಪಿಕೊಂಡೆವು. ಏಕೆಂದರೆ ಈ ವಿಷಯದಲ್ಲಿ ನಮ್ಮ ಮನೆಯಲ್ಲಿಯೇ ಒಂದು ತಪ್ಪು ನಡೆದಿದೆ ಮತ್ತು ಅದನ್ನು ಮಾಡಿದವರು ಬೇರಾರೂ ಅಲ್ಲ, ನಾವೇ. ಆ ತಪ್ಪನ್ನು ತಿದ್ದಿದವರು ಓರ್ವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಅವರನ್ನು ನಾವು ಇಂದಿನವರೆಗೂ ಮುಖತಃ ಕಂಡಿಲ್ಲ.

2021ರಲ್ಲಿ ನಮ್ಮ ತಂಗಿ ಎರಡನೆಯ ಹೆರಿಗೆಗಾಗಿ ತವರಿಗೆ ಬಂದಿದ್ದಳು. ಪತಿ ಗಲ್ಫ್‌ನಲ್ಲಿದ್ದರು. ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ಅವಳ ನಿದ್ದೆ ಹೋಯಿತು, ಊಟ ಹೋಯಿತು, ಮಗುವನ್ನು ಎತ್ತಿಕೊಳ್ಳುವ ಮನಸ್ಸೂ ಹೋಯಿತು. ನೆರೆಯವರು ದೃಷ್ಟಿ ತಗಲಿದೆ ಎಂದರು. ಸಂಬಂಧಿಕರು ಒಬ್ಬರು ತಾಯಿತ ತಂದುಕೊಟ್ಟರು. ಕೊನೆಗೆ ದೂರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ವೈದ್ಯರು ಇದು ಬಾಣಂತಿಯರನ್ನು ಕಾಡುವ ಖಿನ್ನತೆ, ಗುಣವಾಗುವ ಕಾಯಿಲೆ ಎಂದು ಧೈರ್ಯ ಹೇಳಿ, ಮೊಲೆಯುಣ್ಣುವ ಮಗುವಿಗೆ ತೊಂದರೆಯಾಗದಂತೆ ನೋಡಿ ಔಷಧಿ ಕೊಟ್ಟರು. ಆದರೆ ಪ್ರತಿ ವಾರ ಹಸುಗೂಸನ್ನು ಕಟ್ಟಿಕೊಂಡು ಐದು ತಾಸು ಬಸ್ಸಿನಲ್ಲಿ ಹೋಗಿಬರುವುದು ಸಾಧ್ಯವಿರಲಿಲ್ಲ. ಹೀಗಾಗಿ ಮೊಬೈಲ್ ಆ್ಯಪ್ ಒಂದರ ಮೂಲಕ ಆಪ್ತಸಮಾಲೋಚನೆಗೆ ಹಣ ಕಟ್ಟಿದೆವು.

ನಾಲ್ಕು ವಾರ ಅದು ನಡೆಯಿತು. ಪ್ರತಿ ಸಲವೂ ತಂಗಿ 'ಪರವಾಗಿಲ್ಲ, ಈಗ ಚೆನ್ನಾಗಿದ್ದೇನೆ' ಎಂದಳು. ಪರದೆಯ ಆಚೆ ಇದ್ದ ಸಮಾಲೋಚಕಿ ಸೌಜನ್ಯದಿಂದಲೇ ಮಾತಾಡಿದರು, ಉಸಿರಾಟದ ಅಭ್ಯಾಸ ಹೇಳಿಕೊಟ್ಟರು. ಅವರದ್ದೇನೂ ತಪ್ಪಿಲ್ಲ. ಅವರಿಗೆ ಕಾಣುತ್ತಿದ್ದುದು ಒಂದು ಮುಖ ಮಾತ್ರ. ಆ ಮುಖದ ಎದುರಿಗೆ, ಫೋನಿನ ಹಿಂದೆ, ಕುರ್ಚಿ ಹಾಕಿಕೊಂಡು ನಾವು ಕುಳಿತಿದ್ದೆವು. ಅಡುಗೆ ಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದರು. ಫೋನೂ ನಮ್ಮದೇ. ತಂಗಿಯ ಕಾಳಜಿ ಮಾಡುತ್ತಿದ್ದೇವೆ ಎಂದೇ ನಾವು ನಂಬಿದ್ದೆವು. ವಸ್ತುತಃ ನಾವು ಅವಳ ಬಾಯಿ ಕಟ್ಟಿದ್ದೆವು.

ಐದನೆಯ ವಾರ, ಮೊದಲು ಹೋಗಿದ್ದ ಆಸ್ಪತ್ರೆಯಿಂದ ವಿಚಾರಣೆಯ ಕರೆ ಬಂತು. ಮಾತಾಡಿದವರು ಅಲ್ಲಿನ ಸಮಾಜ ಕಾರ್ಯಕರ್ತೆ. ಅವರ ಮೊದಲ ಪ್ರಶ್ನೆ ಮನಸ್ಸಿಗೆ ಸಂಬಂಧಿಸಿದ್ದೇ ಆಗಿರಲಿಲ್ಲ. 'ನೀವೀಗ ಎಲ್ಲಿ ಕುಳಿತಿದ್ದೀರಿ? ಹತ್ತಿರ ಯಾರಾದರೂ ಇದ್ದಾರೆಯೇ? ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ' ಎಂದರು. ತಂಗಿ 'ಹೌದು' ಎಂದಳು. 'ಅವರಿಗೆ ಫೋನ್ ಕೊಡಲು ನಿಮ್ಮ ಒಪ್ಪಿಗೆ ಇದೆಯೇ?' ಎಂದು ಕೇಳಿ, ಒಪ್ಪಿದ ಬಳಿಕವೇ ನಮ್ಮೊಡನೆ ಮಾತಾಡಿದರು. ಬೈಯಲಿಲ್ಲ. ಮನೆಯಲ್ಲಿ ಎಷ್ಟು ಕೋಣೆಗಳಿವೆ, ತಾರಸಿ ಇದೆಯೇ, ತಾಯಿ ಯಾವ ಹೊತ್ತಿನಲ್ಲಿ ಬಿಡುವಾಗಿರುತ್ತಾರೆ, ದೊಡ್ಡ ಮಗುವನ್ನು ಯಾರು ನೋಡಿಕೊಳ್ಳಬಲ್ಲರು ಎಂದು ಒಂದೊಂದಾಗಿ ವಿಚಾರಿಸಿದರು. ಬಳಿಕ ಕೆಲಸ ಹಂಚಿದರು. ತಾಯಿಗೆ ಹಸುಗೂಸು. ನಮಗೆ ದೊಡ್ಡ ಮಗುವನ್ನು ಕರೆದುಕೊಂಡು ಅರ್ಧ ತಾಸು ಬೀದಿಯಲ್ಲಿ ತಿರುಗಾಡಿ ಬರುವ ಕೆಲಸ. 'ಆ ಅರ್ಧ ತಾಸು ನೀವು ಮನೆಯಲ್ಲಿ ಇಲ್ಲದಿರುವುದೇ ನೀವು ಮಾಡಬಹುದಾದ ದೊಡ್ಡ ಸಹಾಯ' ಎಂದರು. ಅಂದಿನಿಂದ ತಂಗಿ ತಾರಸಿಯಲ್ಲಿ ಕುಳಿತು ಮಾತಾಡತೊಡಗಿದಳು.

ಸಹೋದರರೇ, ಇಂದು ನಾವು ಹೇಳಬೇಕೆಂದಿರುವ ಮಾತು ಇಷ್ಟೇ. ಆನ್‌ಲೈನ್ ಚಿಕಿತ್ಸೆ ನಂಬಲರ್ಹವೇ ಎಂಬ ಪ್ರಶ್ನೆಗೆ ಉತ್ತರ ಯಂತ್ರದಲ್ಲಿಲ್ಲ. ಪರದೆಯ ಮೇಲಿನ ಮುಖದ ಹಿಂದೆ ಒಂದು ಮನೆಯಿದೆ ಎಂಬುದನ್ನು ಚಿಕಿತ್ಸಕರು ಬಲ್ಲರೇ, ಆ ಮನೆಯವರು ತಮ್ಮ ಸ್ಥಾನ ಯಾವುದೆಂದು ಬಲ್ಲರೇ ಎಂಬುದರಲ್ಲಿದೆ.

ಹಾಗಾದರೆ ಈ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಯಾರು? ಸಮಾಜ ಸೇವಕ ಎಂದೊಡನೆ ನಮ್ಮ ಕಣ್ಣಿಗೆ ಕಂಬಳಿ ಹಂಚುವವರು, ರಕ್ತದಾನ ಶಿಬಿರ ನಡೆಸುವವರು ಬರುತ್ತಾರೆ. ಅದು ಶ್ಲಾಘನೀಯ ಕೆಲಸ. ಇದು ಬೇರೆ, ಇದೊಂದು ವಿದ್ಯೆ, ಒಂದು ವೃತ್ತಿ. ಮನೋವೈದ್ಯರು ಕಾಯಿಲೆಯನ್ನು ಗುರುತಿಸಿ ಔಷಧಿ ಕೊಡುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನಸ್ಸಿನ ಪರೀಕ್ಷೆಗಳನ್ನೂ ಮಾತಿನ ಚಿಕಿತ್ಸೆಯನ್ನೂ ನಡೆಸುತ್ತಾರೆ. ಸಮಾಜ ಕಾರ್ಯಕರ್ತರೂ ಮಾತಿನ ಚಿಕಿತ್ಸೆಯಲ್ಲಿ ತರಬೇತಾದವರೇ. ಆದರೆ ಅವರು ವ್ಯಕ್ತಿಯನ್ನು ಅವನ ಪರಿಸರದಿಂದ ಕಿತ್ತು ನೋಡುವುದಿಲ್ಲ. ಮನೆ, ದುಡಿಮೆ, ಸಾಲ, ನೆರೆಹೊರೆ, ಶಾಲೆ, ಸರಕಾರಿ ಸೌಲಭ್ಯ ಇವೆಲ್ಲವೂ ಅವರ ದೃಷ್ಟಿಯಲ್ಲಿ ಕಾಯಿಲೆಯ ಭಾಗ ಮತ್ತು ಪರಿಹಾರದ ಭಾಗ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆಯು ಈ ಹೆಸರಿಗೆ ಸ್ಪಷ್ಟ ವ್ಯಾಖ್ಯೆ ಕೊಟ್ಟಿದೆ. ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅದರ ಮೇಲೆ ಎರಡು ವರ್ಷಗಳ ಪೂರ್ಣಾವಧಿಯ ಎಂ.ಫಿಲ್. ವ್ಯಾಸಂಗವನ್ನು ಮೇಲ್ವಿಚಾರಣೆಯಡಿಯ ಆಸ್ಪತ್ರೆ ತರಬೇತಿಯೊಂದಿಗೆ ಮುಗಿಸಿದವರೇ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಅವರು ನೋಂದಣಿ ಮಾಡಿಸಿಕೊಳ್ಳಬೇಕು.

ಈ ವಿದ್ಯೆಯ ಬೇರು ಅಮೆರಿಕದಲ್ಲಿದೆ. ಮೇರಿ ರಿಚ್ಮಂಡ್ ಎಂಬ ಮಹಿಳೆ ಬಡವರ ಮನೆಗಳಿಗೆ ಸ್ನೇಹಭಾವದಿಂದ ಭೇಟಿ ಕೊಡುವ ಬಗೆಯ ಕುರಿತು 1899ರಲ್ಲಿ ಒಂದು ಪುಸ್ತಕ ಬರೆದರು. 1917ರಲ್ಲಿ ಅವರ 'ಸೋಶಿಯಲ್ ಡಯಾಗ್ನೋಸಿಸ್' ಪ್ರಕಟವಾಯಿತು. ವೈದ್ಯನು ರೋಗ ನಿದಾನ ಮಾಡುವಂತೆಯೇ ಮನುಷ್ಯನ ಸಾಮಾಜಿಕ ಪರಿಸ್ಥಿತಿಯ ನಿದಾನವನ್ನೂ ಶಿಸ್ತಿನಿಂದ ಮಾಡಬಹುದೆಂದು ಅವರು ತೋರಿಸಿದರು. ನಮ್ಮ ದೇಶದಲ್ಲಿ 1936ರಲ್ಲಿ ಮುಂಬಯಿಯಲ್ಲಿ ಟಾಟಾ ಕುಟುಂಬದ ದತ್ತಿಯಿಂದ ಸಮಾಜ ಕಾರ್ಯದ ಮೊದಲ ಶಿಕ್ಷಣ ಸಂಸ್ಥೆ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇಂದು ಈ ವೃತ್ತಿಯ ಪ್ರಮುಖ ತರಬೇತಿ ಕೇಂದ್ರಗಳಲ್ಲೊಂದು.

ಇಲ್ಲಿ ನಮ್ಮ ದೇಶದ ಒಂದು ಅನುಭವವನ್ನು ನೆನಪಿಸಿಕೊಳ್ಳಲೇಬೇಕು. ಪಾಶ್ಚಾತ್ಯ ದೇಶಗಳಲ್ಲಿ ಮಾನಸಿಕ ರೋಗಿಗಳನ್ನು ಎತ್ತರದ ಗೋಡೆಗಳ ಹಿಂದೆ ಕುಟುಂಬದಿಂದ ದೂರವಿಡುವುದೇ ರೂಢಿಯಾಗಿದ್ದ ಕಾಲದಲ್ಲಿ, 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರೂ ಉಳಿಯುವ ಏರ್ಪಾಡು ಮಾಡಿದರು. ತಾಯಂದಿರು, ಅಣ್ಣತಮ್ಮಂದಿರು ಕಾಯಿಲೆ ಏನೆಂಬುದನ್ನು ಕಣ್ಣಾರೆ ಕಂಡು ಕಲಿತರು. ರೋಗಿಗಳು ಬೇಗ ಮನೆಗೆ ಮರಳತೊಡಗಿದರು. ಅದೇ ದಶಕದಲ್ಲಿ ವೆಲ್ಲೂರಿನಲ್ಲಿಯೂ ಇಂತಹ ವ್ಯವಸ್ಥೆ ಬಂತು. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರವಲಯದ ಸಕಲವಾರದಿಂದ ಹಳ್ಳಿಗಳಿಗೆ ಹೋಗಿ ಕೆಲಸ ಮಾಡಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು ಇಡೀ ದೇಶಕ್ಕೆ ಮಾದರಿಯಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಇದನ್ನು ಏಕೆ ಹೇಳುತ್ತಿದ್ದೇವೆಂದರೆ, ಕುಟುಂಬವನ್ನು ಚಿಕಿತ್ಸೆಯೊಳಗೆ ಕರೆತಂದುದು ಭಾರತದ ಮನೋವೈದ್ಯಕೀಯದ ಹೆಗ್ಗಳಿಕೆ. ಹಾಗಿರುವಾಗ ತಂಗಿಯ ಎದುರು ಕುಳಿತುಕೊಂಡ ನಾವು ಮಾಡಿದ್ದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಈ ಪ್ರಶ್ನೆ ನಮ್ಮನ್ನೂ ಬಹಳ ಕಾಡಿತು. ಉತ್ತರ ಆ ಡೇರೆಗಳಲ್ಲಿಯೇ ಇದೆ. ಅಲ್ಲಿ ಮನೆಯವರಿದ್ದುದು ಕಲಿಯಲು ಮತ್ತು ಆರೈಕೆ ಮಾಡಲು, ಕಾವಲು ಕಾಯಲು ಅಲ್ಲ. ಆಸ್ಪತ್ರೆಗೆ ಹೋದಾಗ ವೈದ್ಯರು ನಮ್ಮನ್ನು 'ಸ್ವಲ್ಪ ಹೊರಗಿರಿ' ಎನ್ನುತ್ತಾರೆ, ಬಾಗಿಲು ಮುಚ್ಚುತ್ತಾರೆ, ಬಳಿಕ ಒಳಗೆ ಕರೆಯುತ್ತಾರೆ. ಬಾಗಿಲಿನ ಮೇಲಿನ ಅಧಿಕಾರ ಅವರ ಕೈಯಲ್ಲಿರುತ್ತದೆ. ಆನ್‌ಲೈನ್‌ನಲ್ಲಿ ಆ ಅಧಿಕಾರ ಮನೆಯವರ ಕೈಗೆ ಬರುತ್ತದೆ. ಇದುವೇ ದೊಡ್ಡ ವ್ಯತ್ಯಾಸ. ಅದನ್ನು ಅರಿತ ಸಮಾಜ ಕಾರ್ಯಕರ್ತೆ ಮೊದಲು ಮುಟ್ಟುವುದೇ ಆ ಬಾಗಿಲನ್ನು.

ಇನ್ನು ಈ ಚಿಕಿತ್ಸೆ ನಮ್ಮ ಊರುಗಳಿಗೆ ಹೇಗೆ ಬಂತೆಂಬುದನ್ನು ನೋಡೋಣ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿ ಆ ಸಮಯದಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಕಾಯಿಲೆಗಳಿಗನುಸಾರವಾಗಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹತ್ತರಲ್ಲಿ ಒಬ್ಬರಿಗೆ ಕಾಯಿಲೆ, ಕಾಯಿಲೆಯಾದ ಹತ್ತರಲ್ಲಿ ಕನಿಷ್ಠ ಏಳು ಮಂದಿಗೆ ಚಿಕಿತ್ಸೆಯಿಲ್ಲ. ಇದು ನಮ್ಮ ನಿಮ್ಮ ಬೀದಿಯ ಲೆಕ್ಕ. ದೂರ, ಖರ್ಚು ಮತ್ತು ನಾಚಿಕೆ ಇದಕ್ಕೆ ಮುಖ್ಯ ಕಾರಣಗಳು. 2020ರ ಮಾರ್ಚ್ 25ರಂದು ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂತು. ಅದೇ ದಿನ ಕೇಂದ್ರ ಸರಕಾರವು ದೂರದಿಂದ ವೈದ್ಯಕೀಯ ಸಲಹೆ ಕೊಡುವ ಕುರಿತ ಮಾರ್ಗಸೂಚಿಯನ್ನು ಹೊರಡಿಸಿತು. ಅದುವರೆಗೆ ಅನುಮಾನದಿಂದ ನೋಡಲಾಗುತ್ತಿದ್ದ ಪದ್ಧತಿಗೆ ಒಂದು ಚೌಕಟ್ಟು ದೊರೆಯಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, 'ಟೆಲಿ ಮಾನಸ್' ಎಂಬ ರಾಷ್ಟ್ರೀಯ ಸಹಾಯವಾಣಿ ಆರಂಭವಾಯಿತು. ಅದರ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ಈ ಸಂಖ್ಯೆಯನ್ನು ದಯವಿಟ್ಟು ಈಗಲೇ ಬರೆದುಕೊಳ್ಳಿ. ನಿಮಗೆ ಬೇಕಾಗದಿದ್ದರೂ ನೆರೆಮನೆಗೆ ಬೇಕಾಗಬಹುದು.

ಆದ್ದರಿಂದ ಆನ್‌ಲೈನ್ ಚಿಕಿತ್ಸೆಯೆಂದರೆ ಬರಿಯ ವಂಚನೆ ಎಂದು ತಳ್ಳಿಹಾಕುವವರೊಂದಿಗೆ ನಾವಿಲ್ಲ. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಖಿನ್ನತೆ, ಆತಂಕಗಳಲ್ಲಿ ವೀಡಿಯೋ ಮೂಲಕ ನೀಡುವ ಮಾತಿನ ಚಿಕಿತ್ಸೆ ಎದುರುಬದುರು ಕುಳಿತು ನೀಡುವ ಚಿಕಿತ್ಸೆಗೆ ಹತ್ತಿರವಾದ ಫಲವನ್ನೇ ಕೊಡುತ್ತದೆಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಬಸ್ಸಿನ ಖರ್ಚಿಲ್ಲ. ಮನೋವೈದ್ಯರ ಚಿಕಿತ್ಸಾಲಯದ ಮುಂದೆ ಪರಿಚಿತರು ಕಂಡುಬಿಟ್ಟರೆ ಎಂಬ ಭಯವಿಲ್ಲ. ಹೊರಗೆ ಹೋಗಲಾರದ ಬಾಣಂತಿಗೆ, ಅಂಗವಿಕಲರಿಗೆ, ಊರಲ್ಲಿ ಮನೋವೈದ್ಯರೇ ಇಲ್ಲದವರಿಗೆ ಇದು ನಿಜಕ್ಕೂ ಒಂದು ದಾರಿ.

ಆದರೆ ಪರದೆ ಮರೆಮಾಚುವ ಸಂಗತಿಗಳೂ ಇವೆ. ಕೈ ನಡುಗುತ್ತಿರುವುದು, ಬಟ್ಟೆ ಕೊಳೆಯಾಗಿರುವುದು, ಮೈಮೇಲಿನ ಗಾಯ, ಬಾಯಿಯ ಮದ್ಯದ ವಾಸನೆ ಇವು ಕಾಣಿಸುವುದಿಲ್ಲ. ಕುರ್ಚಿ ಹಾಕಿಕೊಂಡು ಕುಳಿತ ಅಣ್ಣನೂ ಕಾಣಿಸುವುದಿಲ್ಲ. ಹೀಗಾಗಿಯೇ ಈ ವೃತ್ತಿಯವರು ಕೆಲವು ನಿಯಮಗಳನ್ನು ಮಾಡಿಕೊಂಡಿದ್ದಾರೆ. 2017ರಲ್ಲಿ ಅಮೆರಿಕದ ಸಮಾಜ ಕಾರ್ಯಕರ್ತರ ನಾಲ್ಕು ಸಂಘಟನೆಗಳು ಸೇರಿ ತಂತ್ರಜ್ಞಾನದ ಬಳಕೆಯ ಬಗ್ಗೆ ಒಂದು ಆಚಾರಸಂಹಿತೆಯನ್ನು ಪ್ರಕಟಿಸಿದವು. ನಮ್ಮಲ್ಲಿಯೂ ತರಬೇತಾದ ಕಾರ್ಯಕರ್ತರು ಅದೇ ಹಾದಿಯಲ್ಲಿ ನಡೆಯುತ್ತಾರೆ. ನಮ್ಮ ಮನೆಯಲ್ಲಿ ಕಂಡುದನ್ನೇ ಅನುಕ್ರಮವಾಗಿ ಹೇಳುತ್ತೇವೆ.

ಪ್ರತಿ ಕರೆಯ ಆರಂಭದಲ್ಲಿಯೂ ಅವರು ತಂಗಿ ಎಲ್ಲಿದ್ದಾಳೆಂದು ಕೇಳುತ್ತಿದ್ದರು. ಮೊದಮೊದಲು ಇದು ನಮಗೆ ವಿಚಿತ್ರವೆನಿಸಿತು. ಕಾರಣವನ್ನು ಅವರೇ ವಿವರಿಸಿದರು. ಮಾತಿನ ನಡುವೆ ಆಕೆಗೆ ಪ್ರಾಣಾಪಾಯ ಒದಗಿದರೆ, ಮುನ್ನೂರು ಕಿಲೋಮೀಟರ್ ದೂರದಲ್ಲಿರುವವರು ಯಾವ ವಿಳಾಸಕ್ಕೆ ಸಹಾಯ ಕಳುಹಿಸಬೇಕು? ಆದ್ದರಿಂದ ಮೊದಲ ದಿನವೇ ಮನೆಯ ವಿಳಾಸ, ಹತ್ತಿರದ ಆಸ್ಪತ್ರೆ, ತುರ್ತು ಸಮಯದಲ್ಲಿ ಕರೆಯಬೇಕಾದ ವ್ಯಕ್ತಿ ಇವನ್ನೆಲ್ಲ ಬರೆದುಕೊಂಡರು. ಆ ವ್ಯಕ್ತಿ ಯಾರಾಗಿರಬೇಕೆಂದು ತಂಗಿಯನ್ನೇ ಕೇಳಿದರು. ಆಕೆ ನಮ್ಮ ಹೆಸರು ಹೇಳಲಿಲ್ಲ, ಪಕ್ಕದ ಬೀದಿಯ ಚಿಕ್ಕಮ್ಮನ ಹೆಸರು ಹೇಳಿದಳು. ಅಂದು ನಮಗೆ ನೋವಾಯಿತು. ಈಗ ಅರ್ಥವಾಗುತ್ತದೆ.

ಕರೆ ಕಡಿದುಹೋದರೆ ಏನು ಮಾಡಬೇಕೆಂಬುದೂ ಮೊದಲೇ ನಿಶ್ಚಯವಾಗಿತ್ತು. ಐದು ನಿಮಿಷ ಕಾಯುವುದು, ಅವರೇ ಮತ್ತೆ ಕರೆಯುವುದು, ಆಗಲೂ ಸಿಗದಿದ್ದರೆ ಸಾಮಾನ್ಯ ಫೋನ್ ಕರೆ. ನಮ್ಮ ಊರಿನಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಮನಸ್ಸಿನ ಗಂಟನ್ನು ಬಿಚ್ಚುತ್ತಿರುವ ಹೊತ್ತಿನಲ್ಲಿ ಮಾತು ನಿಂತುಹೋದರೆ, ತನ್ನ ಮಾತು ಕೇಳಲಾರದೆ ಅವರು ಫೋನಿಟ್ಟರೆಂದು ಖಿನ್ನತೆಯಲ್ಲಿರುವವರು ಭಾವಿಸಬಹುದು. ಅದಕ್ಕಾಗಿ ಈ ಮುನ್ನೆಚ್ಚರಿಕೆ.

ಮೂರನೆಯದು ಗುಟ್ಟು. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಅವರ ಪ್ರಶ್ನೆ ಹೊರಗಿನವರಿಗೆ ಕೇಳಿಸದು. ಉತ್ತರವನ್ನು ಹೌದು, ಇಲ್ಲ ಎಂದು ಮುಗಿಸಬಹುದು. ಯಾರಾದರೂ ಬಂದುಬಿಟ್ಟರೆ ಆಕೆ ಮಗುವಿನ ಲಸಿಕೆಯ ವಿಷಯ ಎತ್ತಬೇಕು, ಅವರು ಕೂಡಲೇ ಮಾತು ಬದಲಿಸುತ್ತಾರೆ. ಈ ಸಂಕೇತದ ಬಗ್ಗೆ ತಂಗಿಯೇ ನಮಗೆ ಬಹಳ ದಿನಗಳ ನಂತರ ನಗುತ್ತಾ ಹೇಳಿದಳು. ಇದು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸ್ವತಃ ಬಳಸುವ ಮೊಬೈಲ್ ಹೊಂದಿದ್ದ ಮಹಿಳೆಯರು ದೇಶದಲ್ಲಿ ಶೇ. 54ರಷ್ಟು ಮಾತ್ರ. ಉಳಿದವರು ಮಾತಾಡಬೇಕಾದರೆ ಗಂಡನ, ಅಣ್ಣನ, ಮಗನ ಫೋನಿನಲ್ಲಿಯೇ ಮಾತಾಡಬೇಕು. ಆ ಫೋನಿನಲ್ಲಿ ಕರೆಗಳ ಪಟ್ಟಿ ಉಳಿದಿರುತ್ತದೆ, ಸಂದೇಶಗಳು ಉಳಿದಿರುತ್ತವೆ.

ಮುಂದಿನದು ಅವರ ವೃತ್ತಿಯ ಜೀವಾಳ. ಕೆಲವು ವಾರಗಳ ನಂತರ, ತಂಗಿಯ ಒಪ್ಪಿಗೆ ಪಡೆದು, ಅವರು ಮನೆಯವರೆಲ್ಲರನ್ನೂ ಒಂದು ಕರೆಗೆ ಸೇರಿಸಿದರು. ಗಲ್ಫ್‌ನಲ್ಲಿದ್ದ ಬಾವನೂ ಸೇರಿಕೊಂಡರು. ಅಲ್ಲಿ ತಂಗಿಯ ಗುಟ್ಟುಗಳ ಪ್ರಸ್ತಾಪವೇ ಬರಲಿಲ್ಲ. ರಾತ್ರಿ ಮಗುವನ್ನು ಯಾರು ಎತ್ತಿಕೊಳ್ಳುವುದು, ತಂಗಿಗೆ ಒಂದೇ ಸಮನೆ ನಾಲ್ಕು ತಾಸು ನಿದ್ದೆ ಸಿಗುವುದು ಹೇಗೆ, ಬಾವ ದಿನಕ್ಕೊಮ್ಮೆ ಕರೆ ಮಾಡಿದಾಗ ಮೊದಲು ಮಗುವನ್ನು ಕೇಳಬೇಕೇ, ತಾಯಿಯನ್ನು ಕೇಳಬೇಕೇ ಎಂಬ ಸಾಮಾನ್ಯ ಸಂಗತಿಗಳ ಚರ್ಚೆ ನಡೆಯಿತು. ಊರಿನ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಲು ಹೇಳಿದರು. ಔಷಧಿ ಮುಗಿದಾಗ ಜಿಲ್ಲಾಸ್ಪತ್ರೆಯಲ್ಲಿ ಯಾರನ್ನು ಕಾಣಬೇಕೆಂದು ತಿಳಿಸಿದರು. ಅಮೃತಸರದ ಡೇರೆಯನ್ನು ಅವರು ಫೋನಿನೊಳಗೆ ಕಟ್ಟಿದರು ಎನ್ನಬಹುದು. ಮನೆಯವರಿಗೆ ಒಳಗೆ ಜಾಗ ಸಿಕ್ಕಿತು, ಆದರೆ ರೋಗಿ ಕರೆದಾಗ ಮತ್ತು ರೋಗಿ ಒಪ್ಪಿದಷ್ಟು.

ಇದಕ್ಕೂ ಒಂದು ಗಡಿಯಿದೆ ಎಂದು ಅವರೇ ಎಚ್ಚರಿಸಿದ್ದರು. ಆತ್ಮಹತ್ಯೆಯ ಯೋಚನೆ ತೀವ್ರವಾಗಿದ್ದರೆ, ಇಲ್ಲದ ಧ್ವನಿಗಳು ಕೇಳಿಸುತ್ತಿದ್ದರೆ, ವಾಸ್ತವದ ಅರಿವು ತಪ್ಪಿದ್ದರೆ, ಬಾಣಂತಿ ತನಗಾಗಲಿ ಮಗುವಿಗಾಗಲಿ ಅಪಾಯ ಮಾಡುವ ಮಾತಾಡಿದರೆ ಫೋನನ್ನು ನೆಚ್ಚಿ ಕೂರಬಾರದು. ಆಕೆಯನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು, 112ಕ್ಕೆ ಕರೆ ಮಾಡಬೇಕು. ಮದ್ಯಪಾನವನ್ನು ದಿಢೀರನೆ ಬಿಟ್ಟವನಿಗೆ ಮೈ ನಡುಕ, ಸೆಳೆತ ಬಂದರೆ ಅದು ಕೂಡ ಆಸ್ಪತ್ರೆಯ ವಿಷಯ. ಮನೆಯಲ್ಲಿ ಹೊಡೆತ ಬಡಿತವಿದ್ದರೆ, ಹೊಡೆಯುವವನಿರುವ ಮನೆಯೊಳಗೇ ಕುಳಿತು ಮಾತಾಡುವುದು ಅಪಾಯಕಾರಿ. ಅಂಥವರಿಗೆ ಬೇರೊಂದು ಸುರಕ್ಷಿತ ಜಾಗ ಬೇಕು. ಹಾಗೆಯೇ, ಸಮಾಜ ಕಾರ್ಯಕರ್ತರು ಔಷಧಿ ಬರೆಯುವಂತಿಲ್ಲ. ಬರೆದುಕೊಡುತ್ತೇನೆ ಎನ್ನುವವರಿದ್ದರೆ ಅವರಿಂದ ದೂರವಿರಿ.

ಇನ್ನು ಮಾರುಕಟ್ಟೆಯ ಮಾತು. ನೋವು ಇರುವಲ್ಲಿ ವ್ಯಾಪಾರಿಯೂ ಬರುತ್ತಾನೆ. ಆನ್‌ಲೈನ್ ಚಿಕಿತ್ಸೆಯಲ್ಲಿ ಜಗತ್ತಿನ ಪ್ರಮುಖ ಹೆಸರುಗಳಲ್ಲೊಂದಾದ ಅಮೆರಿಕದ ಬೆಟರ್‌ಹೆಲ್ಪ್ ಕಂಪೆನಿಯ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಕ್ರಮ ಕೈಗೊಂಡಿತು. ಗುಟ್ಟಾಗಿಡುವುದಾಗಿ ಮಾತು ಕೊಟ್ಟು, ಗ್ರಾಹಕರ ಇಮೇಲ್ ವಿಳಾಸ ಹಾಗೂ ಆರೋಗ್ಯದ ಪ್ರಶ್ನಾವಳಿಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂತಹ ಕಂಪೆನಿಗಳಿಗೆ ದಾಟಿಸಿತೆಂಬುದು ಆರೋಪ. ಗ್ರಾಹಕರಿಗೆ ಹಿಂದಿರುಗಿಸಲು 78 ಲಕ್ಷ ಡಾಲರ್ ಕೊಡಬೇಕೆಂದು ಆದೇಶವಾಯಿತು. ನಂಬಿ ಹೇಳಿಕೊಂಡ ಮಾತು ಒಂದು ಅಮಾನತ್ತು. ಅದನ್ನು ಮಾರುವುದು, ಇನ್ನೊಬ್ಬರು ಒಪ್ಪಿಸಿದ ಒಡವೆಯನ್ನು ಮಾರಿದಂತೆ. ಕಂಪೆನಿಗೆ ಅನ್ವಯವಾಗುವ ಈ ಮಾತು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡು ಸಂಬಂಧಿಕರಿಗೆ ಹೇಳುವ ನಮಗೂ ಅನ್ವಯವಾಗುತ್ತದೆ.

ಈಗ ಮನುಷ್ಯರ ಜಾಗದಲ್ಲಿ ಯಂತ್ರವೇ ಕುಳಿತು ಸಾಂತ್ವನ ಹೇಳುವ ಕಾಲ ಬಂದಿದೆ. ನಮ್ಮ ಮಕ್ಕಳು ರಾತ್ರಿ ತಮ್ಮ ದುಃಖವನ್ನು ಚಾಟ್‌ಬಾಟ್‌ಗಳಿಗೆ ಹೇಳಿಕೊಳ್ಳುತ್ತಿದ್ದಾರೆ. ಇದು ತೀರಾ ಹೊಸತೇನಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ ಕಂಪ್ಯೂಟರಿನಲ್ಲಿ 'ಎಲೈಜಾ' ಎಂಬ ಕಾರ್ಯಕ್ರಮವನ್ನು ರಚಿಸಿ, 1966ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದಕ್ಕೆ ಗೊತ್ತಿತ್ತು. ಅದರ ಒಳಗುಟ್ಟನ್ನೆಲ್ಲ ಬಲ್ಲ ಅವರ ಕಾರ್ಯದರ್ಶಿಯೇ ಅದರೊಂದಿಗೆ ಮಾತಿಗೆ ತೊಡಗಿ, ಸ್ವಲ್ಪ ಹೊತ್ತಿನಲ್ಲಿ ಅವರನ್ನು ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿಕೊಂಡರಂತೆ. ಈ ಘಟನೆಯಿಂದ ಆ ವಿಜ್ಞಾನಿ ಬೆಚ್ಚಿಬಿದ್ದರು. ನಮಗಾದರೋ ಇದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಯಾರೂ ಕೇಳಿಸಿಕೊಳ್ಳದ ಒಂದು ಕೋಣೆಗಾಗಿ ಮನುಷ್ಯ ಎಷ್ಟು ಹಂಬಲಿಸುತ್ತಾನೆ! ಮಕ್ಕಳು ಯಂತ್ರದ ಬಳಿ ಹೋಗುತ್ತಿದ್ದಾರೆಂದರೆ ಮನೆಯಲ್ಲಿ ಅಂತಹ ಕೋಣೆ ಇಲ್ಲವೆಂದೇ ಅರ್ಥ. ಅಮೆರಿಕದ ಇಲಿನಾಯ್ ರಾಜ್ಯವು ಕೃತಕ ಬುದ್ಧಿಮತ್ತೆಯೇ ಚಿಕಿತ್ಸಕನ ಸ್ಥಾನದಲ್ಲಿ ನಿಂತು ಮನೋಚಿಕಿತ್ಸೆ ನೀಡುವುದನ್ನು 2025ರ ಆಗಸ್ಟ್‌ನಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಯಂತ್ರಕ್ಕೆ ಮಾತು ಬರುತ್ತದೆ. ಆದರೆ ಚಿಕ್ಕಮ್ಮನಿಗೆ ಕರೆ ಮಾಡಿ 'ಈಗಲೇ ಆ ಮನೆಗೆ ಹೋಗಿ' ಎಂದು ಹೇಳುವ ಹೊಣೆಗಾರಿಕೆ ಅದಕ್ಕಿಲ್ಲ.

ಆದ್ದರಿಂದ ಆನ್‌ಲೈನ್ ಚಿಕಿತ್ಸೆಗೆ ಮುಂದಾಗುವ ಕುಟುಂಬಗಳು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ತಮ್ಮ ವಿದ್ಯಾರ್ಹತೆ ಏನು, ಎಲ್ಲಿ ನೋಂದಣಿಯಾಗಿದೆ? ಹೇಳಿದ ಮಾತನ್ನು ಎಲ್ಲಿ, ಎಷ್ಟು ಕಾಲ ದಾಖಲಿಸಿಡುತ್ತೀರಿ, ಯಾರು ಅದನ್ನು ಓದಬಲ್ಲರು? ಕರೆಯನ್ನು ರೆಕಾರ್ಡ್ ಮಾಡುತ್ತೀರಾ? ತುರ್ತು ಪರಿಸ್ಥಿತಿ ಬಂದರೆ ಏನು ಮಾಡುತ್ತೀರಿ? ಔಷಧಿ ಬೇಕೆನಿಸಿದರೆ ಯಾರ ಬಳಿಗೆ ಕಳುಹಿಸುತ್ತೀರಿ? ಇವಕ್ಕೆ ನೇರ ಉತ್ತರ ಕೊಡದವರಿಗೆ ಹಣ ಕಟ್ಟಬೇಡಿ. ಅವರು ನಿಮ್ಮ ವಿಳಾಸವನ್ನೇ ಕೇಳದೆ ಚಿಕಿತ್ಸೆ ಆರಂಭಿಸಿದರೆ, ಅವರಿಗೆ ಕೆಲಸ ಗೊತ್ತಿಲ್ಲವೆಂದೇ ತಿಳಿಯಿರಿ.

ಸರಕಾರಕ್ಕೂ ಒಂದು ಮಾತು ಹೇಳಬೇಕಾಗಿದೆ. 2017ರ ಕಾಯಿದೆಯು ಮಾನಸಿಕ ಆರೋಗ್ಯ ಸೇವೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ, ಗೋಪ್ಯತೆಯನ್ನೂ ರೋಗಿಯ ಹಕ್ಕೆಂದು ಒಪ್ಪಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು, ಅವರಿಗೆ ಆರೈಕೆ ದೊರಕಿಸಬೇಕು ಎಂದಿದೆ. ಕಾಯಿದೆ ಒಳ್ಳೆಯದೇ. ಆದರೆ ಒಂದು ಸಹಾಯವಾಣಿಯನ್ನು ಉದ್ಘಾಟಿಸಿ, ತಾಲೂಕು ಆಸ್ಪತ್ರೆಯ ಕುರ್ಚಿಯನ್ನು ಖಾಲಿ ಬಿಡುವುದು ಹಕ್ಕಿನ ಪಾಲನೆಯಾಗದು. ಫೋನಿನಲ್ಲಿ ಮಾತಾಡಿದವರು 'ನಿಮ್ಮೂರ ಆಸ್ಪತ್ರೆಗೆ ಹೋಗಿ' ಎಂದಾಗ ಅಲ್ಲಿ ಒಬ್ಬ ವೈದ್ಯ, ಒಬ್ಬ ಸಮಾಜ ಕಾರ್ಯಕರ್ತೆ ಇರಬೇಕು, ಔಷಧಿ ಇರಬೇಕು. ಮಾನಸಿಕ ಆರೋಗ್ಯದ ಹುದ್ದೆಗಳು ಭರ್ತಿಯಾಗಿವೆಯೇ ಎಂದು ನಮ್ಮ ಜನಪ್ರತಿನಿಧಿಗಳನ್ನು ಕೇಳುವ ಹಕ್ಕು ನಮಗಿದೆ. ಚುನಾವಣೆಯ ಸಮಯದಲ್ಲಿ ಬೀದಿದೀಪ, ಚರಂಡಿಗಳ ಬಗ್ಗೆ ಕೇಳುವ ನಾವು ಈ ಪ್ರಶ್ನೆಯನ್ನು ಎಂದಾದರೂ ಕೇಳಿದ್ದೇವೆಯೇ? ಜೊತೆಗೆ ನಮ್ಮ ಹೆಣ್ಣು ಗಂಡು ಮಕ್ಕಳಲ್ಲಿ ಕೆಲವರಾದರೂ ಈ ವಿದ್ಯೆಯನ್ನು ಕಲಿಯಲಿ. ಎಲ್ಲರೂ ಎಂಜಿನಿಯರ್, ಡಾಕ್ಟರ್ ಆಗಬೇಕೆಂಬ ಹಟವೇಕೆ? ಮನೆಮಾತಿನಲ್ಲಿಯೇ ದುಃಖ ಹೇಳಿಕೊಳ್ಳಲು ಕಾದಿರುವ ತಾಯಂದಿರಿಗೆ, ಆ ಮಾತನ್ನು ಬಲ್ಲ ಚಿಕಿತ್ಸಕರು ಬೇಕಾಗಿದ್ದಾರೆ.

ಬಾಂಧವರೇ, ನಮ್ಮ ತಂಗಿ ಗುಣವಾದಳು. ಸುಮಾರು ಎಂಟು ತಿಂಗಳು ಹಿಡಿಯಿತು. ಔಷಧಿಯ ಪಾತ್ರವೂ ಅದರಲ್ಲಿದೆ, ತಾಯಿ ರಾತ್ರಿಗಳನ್ನು ಹಂಚಿಕೊಂಡುದರ ಪಾತ್ರವೂ ಇದೆ. ಆ ಮಗು ಈಗ ಶಾಲೆಗೆ ಹೋಗುತ್ತಿದೆ. ತಾರಸಿಯ ಮೇಲೆ ಕುಳಿತು ಆಕೆ ಏನು ಹೇಳಿಕೊಂಡಳೆಂಬುದು ಇಂದಿಗೂ ನಮಗೆ ತಿಳಿದಿಲ್ಲ. ಒಮ್ಮೆ ಕೇಳಬೇಕೆಂದು ಬಾಯಿ ತೆರೆದಿದ್ದೆವು, ಬಳಿಕ ಸುಮ್ಮನಾದೆವು. ಅದು ಅವಳದು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂದು ರಾತ್ರಿ ಯಾರೋ ಒಬ್ಬರು 'ನನಗೆ ಯಾರೊಂದಿಗಾದರೂ ಮಾತಾಡಬೇಕು' ಎಂದರೆ ಕಾರಣ ಕೇಳಬೇಡಿ. ನಿಮ್ಮ ಫೋನನ್ನು ಅವರ ಕೈಗೆ ಕೊಡಿ, ಬಾಗಿಲು ಮುಚ್ಚಿಕೊಳ್ಳಲು ಹೇಳಿ, ಮಕ್ಕಳನ್ನು ಕರೆದುಕೊಂಡು ಅರ್ಧ ತಾಸು ಬೀದಿಯಲ್ಲಿ ತಿರುಗಾಡಿ ಬನ್ನಿ. ಆದರೆ ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿಯೇ ಇರಿ.